ಒಂದೇ ಮಾಲಿಗೆ ಎಷ್ಟು ಹಲಾಲ್ ಸರ್ಟಿಫಿಕೇಟ್?

ಸಂಪಾದಕರಿಗೆ ನಮಸ್ಕಾರ,

ಹಲಾಲ್ ಅಂದ ತಕ್ಷಣ ಎಲ್ರೂ ಮಾಂಸದ ಮಾತೇ ಎತ್ತುತ್ತಾರೆ, ಆದ್ರೆ ಆಹಾರ ಎಕ್ಸ್‌ಪೋರ್ಟ್ ಮಾಡೋರಿಗೆ ಬಿಸ್ಕೆಟ್, ಚಾಕೊಲೇಟ್, ಚೀಸ್‌ನಲ್ಲೂ ಇದೇ ತಲೆನೋವು. ಮೂಳೆ-ಚರ್ಮದಿಂದ ತೆಗೆಯೋ ಜೆಲಟಿನ್ ಯಾವ ಪ್ರಾಣಿದು, ಚೀಸ್‌ಗೆ ಹಾಲು ಒಡೆಸೋ ರೆನೆಟ್ ಎಲ್ಲಿಂದ ಬಂತು, ಎಣ್ಣೆ-ನೀರು ಬೆರೆಯೋಕೆ ಹಾಕೋ ಇ471 ಅನ್ನೋ ಎಮಲ್ಸಿಫೈಯರ್ ಗಿಡದ ಎಣ್ಣೆದಾ ಪ್ರಾಣಿ ಕೊಬ್ಬಿಂದಾ, ಇದೆಲ್ಲ ಲೇಬಲ್ ಓದಿದ್ರೆ ಗೊತ್ತಾಗಲ್ಲ. ಅದಕ್ಕೆ ಸರ್ಟಿಫಿಕೇಟ್ ಕೇಳೋದು ನ್ಯಾಯವೇ, ತಿನ್ನೋರಿಗೆ ತಿಳ್ಕೊಳ್ಳೋ ಹಕ್ಕಿದೆ.

ನನ್ನ ತಕರಾರು ಬೇರೆ. ಮಲೇಷ್ಯಾಗೆ ಕಳಿಸೋ ಮಾಲಿಗೆ ಸರ್ಟಿಫಿಕೇಟ್ ಕೊಟ್ಟ ಸಂಸ್ಥೆನ ಅಲ್ಲಿನ ಸರ್ಕಾರದ ಇಸ್ಲಾಮಿಕ್ ಇಲಾಖೆ ಜಾಕಿಮ್ ಒಪ್ಪಿರಬೇಕು, ಇಂಡೋನೇಷ್ಯಾಗೆ ಆದ್ರೆ ಅಲ್ಲಿನ ಸರ್ಕಾರಿ ಹಲಾಲ್ ಸಂಸ್ಥೆ ಬಿಪಿಜೆಪಿಎಚ್ ಒಪ್ಪಿರಬೇಕು, ಕೊಲ್ಲಿ ದೇಶಗಳಿಗೆ ಅವ್ರದ್ದೇ ಸ್ಟ್ಯಾಂಡರ್ಡು. ಮೂರೂ ಕಡೆ ಮಾನ್ಯತೆ ಇರೋ ಸಂಸ್ಥೆ ಸಿಗ್ಲಿಲ್ಲ ಅಂದ್ರೆ ಅದೇ ಫ್ಯಾಕ್ಟರಿಗೆ ಅದೇ ಸಾಮಾನಿಗೆ ಮತ್ತೆ ಮತ್ತೆ ಆಡಿಟ್, ಮತ್ತೆ ಮತ್ತೆ ಫೀಸು. ದೊಡ್ಡ ಕಂಪನಿ ತಡ್ಕೊಳ್ಳುತ್ತೆ, ಸಣ್ಣೋರು ಆ ಮಾರ್ಕೆಟ್ಟೇ ಬೇಡ ಅಂತ ಕೈ ಬಿಡ್ತಾರೆ.

ಪ್ರಾಣಿ ವಧೆ ವಿಷಯದಲ್ಲಿ ನಿಜವಾಗ್ಲೂ ಭಿನ್ನಾಭಿಪ್ರಾಯ ಇದೆ, ಕೊಯ್ಯೋ ಮೊದಲು ಪ್ರಜ್ಞೆ ತಪ್ಪಿಸಬಹುದಾ, ಕೋಳಿನ ಮೆಷಿನಲ್ಲಿ ಕೊಯ್ಯಬಹುದಾ ಅಂತ ಒಬ್ಬೊಬ್ರು ಒಂದೊಂದು ಹೇಳ್ತಾರೆ, ಅದು ನಂಬಿಕೆ ವಿಷಯ, ಹೊರಗಿನೋರು ಒತ್ತಾಯ ಮಾಡೋಕಾಗಲ್ಲ. ಆದ್ರೆ ಮಾಂಸವೇ ಇಲ್ಲದ ಬಿಸ್ಕೆಟ್‌ಗೂ ಅದೇ ಓಡಾಟ ಯಾಕೆ?

ಆಹಾರಕ್ಕೆ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಮಾಡೋ ಕೋಡೆಕ್ಸ್ ಸಂಸ್ಥೆ 1997ರಲ್ಲೇ ಹಲಾಲ್ ಪದ ಬಳಕೆಗೆ ಮಾರ್ಗಸೂಚಿ ಮಾಡಿದೆ. ಕಳಿಸೋ ದೇಶದ ಧಾರ್ಮಿಕ ಸಂಸ್ಥೆ ಕೊಟ್ಟ ಸರ್ಟಿಫಿಕೇಟನ್ನ ತರಿಸ್ಕೊಳ್ಳೋ ದೇಶ ತಾತ್ವಿಕವಾಗಿ ಒಪ್ಪಬೇಕು, ಬೇರೆ ಷರತ್ತು ಬೇಕಂದ್ರೆ ಕಾರಣ ಕೊಡಬೇಕು ಅಂತ ಅದರಲ್ಲೇ ಇದೆ. ಇಸ್ಲಾಮಿಕ್ ದೇಶಗಳೇ ಸೇರ್ಕೊಂಡು ಒಂದೇ ಸ್ಟ್ಯಾಂಡರ್ಡ್ ತರೋಕೆ ಇಸ್ತಾಂಬುಲ್‌ನಲ್ಲಿ 2010ರಲ್ಲಿ ಎಸ್‌ಎಂಐಐಸಿ ಅನ್ನೋ ಸಂಸ್ಥೆ ಶುರು ಮಾಡಿದ್ವು. ಇಷ್ಟಾದ್ರೂ ಎಕ್ಸ್‌ಪೋರ್ಟರ್ ಕೈಗೆ ಒಂದೇ ಕಾಗದ ಬಂದಿಲ್ಲ.

ಇಂಡೋನೇಷ್ಯಾ 2014ರ ಹಲಾಲ್ ಸರ್ಟಿಫಿಕೇಟ್ ಕಾನೂನನ್ನ ಆಹಾರಕ್ಕೆ 2024ರ ಅಕ್ಟೋಬರಿಂದ ಕಡ್ಡಾಯ ಮಾಡ್ತು, ಆಮದು ಮಾಲಿಗೆ 2026ರ ತನಕ ಟೈಮ್ ಕೊಟ್ಟಿತು. ಹಲಾಲ್ ಅಲ್ಲದ್ದನ್ನ ಅಲ್ಲಿ ನಿಷೇಧ ಮಾಡಿಲ್ಲ, ಅಲ್ಲ ಅಂತ ಸ್ಪಷ್ಟವಾಗಿ ಬರೀಬೇಕು ಅಷ್ಟೇ, ಆ ನಿಯಮ ನೇರವಾಗಿದೆ, ನನಗೆ ಹಿಡಿಸ್ತು.

ಮಾಂಸ ಇಲ್ಲದ ಆಹಾರಕ್ಕಾದ್ರೂ ಈ ದೇಶಗಳು ಒಬ್ರ ಸರ್ಟಿಫಿಕೇಟನ್ನ ಇನ್ನೊಬ್ರು ಒಪ್ಕೊಳ್ಳೋದನ್ನ ಮೊದಲು ಶುರು ಮಾಡ್ಲಿ, ವಧೆಯ ಚರ್ಚೆ ಆಮೇಲೂ ನಡೀಬಹುದು.

– ಒಬ್ಬ ಓದುಗ