ಮುಷ್ಟಿಯೊಳಗಿನ ಇಡ್ಲಿ ಚೂರು

ಸುಮಾ,

ಭಾನುವಾರ ಬಸ್ಸು ಹತ್ತುವಾಗ ನೀನು ತಿರುಗಿ ನೋಡಲಿಲ್ಲ. ಫೋನ್ ಮಾಡಿದರೆ ಮತ್ತೆ ಮಾತಿಗೆ ಮಾತು ಬೆಳೆಯುತ್ತೆ ಅಂತ ಕಾಗದ ಬರೀತಿದ್ದೀನಿ. ನಡೆದದ್ದು ಇಬ್ಬರಿಗೂ ಗೊತ್ತು, ಮತ್ತೆ ಕೆದಕಲ್ಲ. ಬೀಗಿತ್ತಿಯವರ ಎದುರಿಗೆ ನಾನು ಆ ಮಾತು ಆಡಬಾರದಿತ್ತು. ತಪ್ಪಾಯ್ತು.

ಒಂದನ್ನ ಮಾತ್ರ ನೀನು ನೋಡಲಿಲ್ಲ. ತೂಕ ಜಾಸ್ತಿ ಅಂತ ಪಾಪುವಿನ ಇಡ್ಲಿ ತಟ್ಟೆ ಎತ್ತಿಕೊಂಡು ನೀನು ಅಡುಗೆಮನೆಗೆ ಹೋದ ಮೇಲೆ ಅವಳು ಅಳು ನಿಲ್ಲಿಸಿದಳು. ಬಲಗೈ ಮುಷ್ಟಿ ಬಿಗಿಯಾಗಿತ್ತು. ಬಿಡಿಸಿ ನೋಡಿದರೆ ಒಳಗೆ ಹೆಬ್ಬೆರಳಿನಷ್ಟು ಇಡ್ಲಿ ಚೂರು, ಬೆವರಿಗೆ ಅಂಟಂಟಾಗಿ ಬೆರಳ ಸಂದಿಗೆಲ್ಲ ಮೆತ್ತಿಕೊಂಡಿತ್ತು. ನಾನು ನೋಡಿದೆ ಅಂತ ಗೊತ್ತಾದ ತಕ್ಷಣ ಕೈ ಬೆನ್ನ ಹಿಂದೆ ಇಟ್ಟುಕೊಂಡಳು. ಎರಡು ವರ್ಷ ಎರಡು ತಿಂಗಳಿನ ಕೂಸು ಅದು.

ಶನಿವಾರ ಮಧ್ಯಾಹ್ನ ನೀನು ಮಲಗಿದ್ದಾಗ ಅವಳನ್ನ ನಮ್ಮ ಅಂಗನವಾಡಿಗೆ ಎತ್ತಿಕೊಂಡು ಹೋಗಿ ಅಳೆಸಿದ್ದೆ. ಹೇಳೋಣ ಅನ್ನೋಷ್ಟರಲ್ಲಿ ಜಗಳ ಆಯ್ತು. ಬಟ್ಟೆ, ಡೈಪರ್ ಎಲ್ಲಾ ಬಿಚ್ಚಿ ತೂಕ 15 ಕೆಜಿ. ಅದು ನಿನ್ನ ಪುಸ್ತಕದಲ್ಲಿ ಬರೆದಿದ್ದಕ್ಕೆ ಸರಿಯಾಗಿದೆ. ಆದರೆ ಎತ್ತರ 91 ಸೆಂಟಿಮೀಟರ್. ನೀನು ಬರೆದಿರೋದು 88. ಮಂಚದ ಮೇಲೆ ಮಲಗಿಸಿ ಟೈಲರ್ ಟೇಪಿನಲ್ಲಿ ಅಳೆದರೆ ಹಾಗೇ ಆಗೋದು, ಮಗು ಮಂಡಿ ಮಡಚುತ್ತೆ, ಹಾಸಿಗೆ ತಗ್ಗುತ್ತೆ. ಎರಡು ವರ್ಷ ತುಂಬಿದ ಮೇಲೆ ನಿಲ್ಲಿಸಿಯೇ ಅಳೀಬೇಕು. ಹಿಮ್ಮಡಿ, ಕುಂಡೆ, ಭುಜ ಗೋಡೆಗೆ ತಾಗಿರಬೇಕು, ದೃಷ್ಟಿ ನೇರ ಇರಬೇಕು, ತಲೆ ಮೇಲೆ ಚಪ್ಪಟೆ ಹಲಗೆ ಒತ್ತಿ ಹಿಡೀಬೇಕು. ಒಬ್ಬರು ಮಂಡಿ ಹಿಡ್ಕೊಳ್ಳಲೇಬೇಕು. ಇಬ್ಬರಿಲ್ಲದೆ ಈ ವಯಸ್ಸಿನ ಮಗುವಿನ ಎತ್ತರ ಸರಿಯಾಗಿ ಸಿಗಲ್ಲ.

ಮೂರು ಸೆಂಟಿಮೀಟರ್ ಏನು ಮಹಾ ಅನ್ನಬೇಡ. ಬೆಳವಣಿಗೆ ಪಟ್ಟಿಯಲ್ಲಿ ಈ ವಯಸ್ಸಿನ ಹೆಣ್ಣುಮಗುವಿನ ನಡುಗೆರೆ, ಅಂದರೆ ನಡುಮಟ್ಟದ ತೂಕ, ಸುಮಾರು 12 ಕೆಜಿ. ಅದಕ್ಕೆ ಹೋಲಿಸಿ 3 ಕೆಜಿ ಜಾಸ್ತಿ ಅಂತ ನೀನು ಹೆದರಿದೆ. ಆದರೆ ನೋಡಬೇಕಾದ್ದು ಎತ್ತರಕ್ಕೆ ತಕ್ಕ ತೂಕ. 91 ಸೆಂಟಿಮೀಟರಿನ ಹುಡುಗಿಗೆ ನಡುಗೆರೆಯೇ ಸುಮಾರು 13 ಕೆಜಿ. 88 ಅಂತ ಹಿಡಿದರೆ ಇವಳು ನಡುಗೆರೆ ಮೇಲಿನ ಎರಡನೇ ಗೆರೆ ದಾಟಿ ಅತಿತೂಕದ ಲೆಕ್ಕಕ್ಕೆ ಹೋಗ್ತಾಳೆ. 91 ಅಂದರೆ ಮೊದಲನೇ ಗೆರೆ, ಎರಡನೇ ಗೆರೆ ನಡುವೆ ಇದ್ದಾಳೆ, ಅಂದರೆ ಎಚ್ಚರ ವಹಿಸಬೇಕಾದ ಜಾಗ. ಬೊಜ್ಜು ಅನ್ನೋದು ಮೂರನೇ ಗೆರೆ ದಾಟಿದ ಮೇಲೆ. ಈ ಗೆರೆಗಳು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟಿದ್ದು. ಆರು ದೇಶದ ಮಕ್ಕಳನ್ನ ಅಳೆದು ಮಾಡಿದ್ದು, ಅದರಲ್ಲಿ ನಮ್ಮ ದೆಹಲಿ ಮಕ್ಕಳೂ ಇದ್ದಾರೆ. ಹೊರದೇಶದ ಲೆಕ್ಕ ನಮಗೆ ಹೊಂದಲ್ಲ ಅಂತ ಯಾರಾದರೂ ಅಂದರೆ ಕಿವಿಗೆ ಹಾಕ್ಕೋಬೇಡ.

ಇಷ್ಟು ವರ್ಷ ಅಂಗನವಾಡಿಯಲ್ಲಿ ನಮ್ಮ ಕಣ್ಣೆಲ್ಲ ಕೆಳಗಿನ ಗೆರೆ ಮೇಲೇ ಇತ್ತು. ಕೆಂಪಿಗೆ ಬಿದ್ದ ಮಗುವನ್ನ ಹಸಿರಿಗೆ ತರೋದೇ ಕೆಲಸ. ಮೇಲಿನ ಗೆರೆ ಹತ್ತಿರ ಹೋಗೋ ಮಗುವನ್ನ ಕಂಡರೆ ಪುಷ್ಟಿಯಾಗಿದೆ ಅಂತ ದೃಷ್ಟಿ ತೆಗೀತಿದ್ದೆವು. ಅದು ನಮ್ಮ ತಪ್ಪು. ನೀನು ಎಂಟು ವಾರ ಬಿಡದೆ ತೂಕ, ಊಟ, ಹಾಲು ಎಲ್ಲಾ ಬರೆದಿಟ್ಟಿದ್ದೀಯ. ಆ ಪುಸ್ತಕ ನೋಡಿ ನನಗೆ ಎಷ್ಟು ಹೆಮ್ಮೆ ಆಯ್ತು ಅಂತ ಭಾನುವಾರ ಹೇಳಬೇಕಿತ್ತು. ಹೇಳಲಿಲ್ಲ.

ಅದೇ ಪುಸ್ತಕದ ಲೆಕ್ಕ ಹಾಕಿದೀನಿ, ನೋಡು. ಈ ವಯಸ್ಸಿಗೆ ದಿನಕ್ಕೆ ಸಾವಿರದ ನೂರು ಕ್ಯಾಲೊರಿ ಆಸುಪಾಸು ಸಾಕು. ನಂದಿನಿ ನೀಲಿ ಪ್ಯಾಕೆಟ್ ಹಾಲು ಮೂರು ಬಾಟಲಿ, ತಲಾ 250 ಎಂ.ಎಲ್., ಅಲ್ಲೇ 450 ಆಯ್ತು. ಬಾಟಲಿಗೊಂದು ಚಮಚ ಸಕ್ಕರೆ ಅಂದರೆ ಇನ್ನೊಂದು 60. ಅತ್ತೆಯವರು ಕೊಡೋ ಆರು ಬಿಸ್ಕತ್ತಿಗೆ ನೂರರ ಮೇಲೆ. ಅನ್ನ, ಮುದ್ದೆ, ಇಡ್ಲಿ ಬಾಯಿಗೆ ಹೋಗೋ ಮುಂಚೆಯೇ ಅರ್ಧ ದಿನದ್ದು ಮುಗೀತು. ನೀನು ಕಿತ್ತುಕೊಂಡ ಅರ್ಧ ಇಡ್ಲಿ ಎಷ್ಟು? ಇಪ್ಪತ್ತೈದು, ಹೆಚ್ಚೆಂದರೆ ಮೂವತ್ತು. ಆ ಮೂವತ್ತಕ್ಕೆ ಮಗು ಮುಷ್ಟಿ ಕಟ್ಟಿತಲ್ಲ ಸುಮಾ.

ಊಟ ಯಾವಾಗ ನಿಂತುಹೋಗುತ್ತೋ ಅನ್ನೋ ಭಯ ಒಂದು ಸಲ ಹೊಕ್ಕರೆ ಮಗು ಬೇಗ ಬೇಗ ತಿನ್ನುತ್ತೆ, ಹೊಟ್ಟೆ ತುಂಬಿದರೂ ತಿನ್ನುತ್ತೆ, ಸಿಕ್ಕಾಗ ತುಂಬಿಕೊಳ್ಳುತ್ತೆ. ತಡೆದಷ್ಟೂ ಅದೇ ಪದಾರ್ಥದ ಮೇಲೆ ಆಸೆ ಜಾಸ್ತಿ. ಅದಕ್ಕೇ ಹೇಳ್ತಿರೋದು. ಏನು ಬಡಿಸಬೇಕು, ಎಷ್ಟು ಹೊತ್ತಿಗೆ, ಎಲ್ಲಿ ಕೂತು, ಇದು ನಿನ್ನ ಕೈಲಿರಲಿ. ಬಡಿಸಿದ ಮೇಲೆ ಎಷ್ಟು ತಿನ್ನಬೇಕು ಅನ್ನೋದು ಅವಳಿಗೇ ಬಿಡು. ಕಡಿಮೆ ಮಾಡೋದಿದ್ದರೆ ಬಡಿಸೋ ಮುಂಚೆ ಮಾಡು. ತಟ್ಟೆಗೆ ಬಂದ ಮೇಲೆ ಅದು ಅವಳದ್ದು.

ಮೊದಲು ಹಾಲು. ದಿನಕ್ಕೆ 400 ಎಂ.ಎಲ್. ಸಾಕು, 500 ದಾಟಲೇಬಾರದು. ಹಾಲಲ್ಲಿ ಕಬ್ಬಿಣದ ಅಂಶ ಇಲ್ಲವೇ ಇಲ್ಲ ಅನ್ನಬೇಕು, ಅದರಿಂದಲೇ ಹೊಟ್ಟೆ ತುಂಬಿಸಿಕೊಂಡರೆ ದಪ್ಪಗಿರೋ ಮಗುವಿಗೂ ರಕ್ತ ಕಮ್ಮಿ ಆಗುತ್ತೆ. ಮಣ್ಣು, ಗೋಡೆ ಸುಣ್ಣ ತಿನ್ನೋಕೆ ಶುರು ಮಾಡಿದರೆ ರಕ್ತ ಪರೀಕ್ಷೆ ಮಾಡಿಸು. ಕಬ್ಬಿಣದ ಸಿರಪ್ ವಾರಕ್ಕೆರಡು ಸಲ 1 ಎಂ.ಎಲ್. ನಿಲ್ಲಿಸಬೇಡ. ರಾತ್ರಿ ಬಾಟಲಿಯನ್ನ ಒಂದೇ ದಿನಕ್ಕೆ ಬಿಡಿಸೋಕೆ ಹೋಗಬೇಡ, ನಾಲ್ಕು ರಾತ್ರಿ ಅತ್ತು ಐದನೇ ರಾತ್ರಿ ನೀನೇ ಸೋತು ಕೊಡ್ತೀಯ, ಆಮೇಲೆ ಬಿಡಿಸೋದು ಇನ್ನೂ ಕಷ್ಟ. ಮೂರು ದಿನಕ್ಕೊಮ್ಮೆ 30 ಎಂ.ಎಲ್. ಇಳಿಸು. 250ರಿಂದ ಸೊನ್ನೆಗೆ ಬರೋಕೆ ಮೂರೂವರೆ ವಾರ ಹಿಡಿಯುತ್ತೆ, ಹಿಡೀಲಿ. ಸಕ್ಕರೆಯನ್ನೂ ಹಾಗೇ, ಮೊದಲ ವಾರ ಅರ್ಧ ಚಮಚ, ಆಮೇಲೆ ಕಾಲು, ಆಮೇಲೆ ಬೇಡ. ಬೆಲ್ಲ, ಜೇನುತುಪ್ಪ ಆದರೆ ಪರವಾಗಿಲ್ಲ ಅಂದುಕೊಳ್ಳಬೇಡ, ಈ ಲೆಕ್ಕದಲ್ಲಿ ಅವೂ ಸಕ್ಕರೆಯೇ. ಹಗಲಿನ ಹಾಲು ಬಾಟಲಿಯಿಂದ ಲೋಟಕ್ಕೆ ಬಂದರೆ ತಾನಾಗಿಯೇ ಕಮ್ಮಿ ಆಗುತ್ತೆ.

ಊಟ ಆಗಿ ಗಂಟೆಗೇ ಮತ್ತೆ ಹಸಿವು ಅಂತಾಳೆ ಅಂದಿದ್ದೆ. ಬರೀ ತಿಳಿಸಾರಿನಲ್ಲಿ ಅನ್ನ ಕಲೆಸಿ ನೀರುನೀರಾಗಿ ತಿನ್ನಿಸಿದರೆ ಹೊಟ್ಟೆ ಬೇಗ ತುಂಬುತ್ತೆ, ಬೇಗ ಖಾಲಿ ಆಗುತ್ತೆ. ಬೇಳೆ ತಳದಿಂದ ಗಟ್ಟಿಯಾಗಿ ಎತ್ತಿ ಬಡಿಸು. ಅನ್ನ ಎಷ್ಟೋ ಅದರ ಅರ್ಧದಷ್ಟು ಬೇಳೆ ಅಥವಾ ಹುರುಳಿಕಾಳು, ಅಷ್ಟೇ ಸೊಪ್ಪಿನ ಪಲ್ಯ, ಒಂದು ಟೀ ಚಮಚ ತುಪ್ಪ. ತುಪ್ಪ ಪೂರ್ತಿ ನಿಲ್ಲಿಸಿದ್ದೀಯಂತೆ, ಹಾಗೆ ಮಾಡಬೇಡ, ಅದಿದ್ದರೆ ಊಟ ಹೊಟ್ಟೇಲಿ ನಿಲ್ಲುತ್ತೆ. ನಿಂಬೆಹಣ್ಣಿನ ಗಾತ್ರದ ಮುದ್ದೆ ಸಾಕು, ಬೇಕು ಅಂದರೆ ಎರಡನೇ ಸಲ ಅದರ ಅರ್ಧ. ಮೊಟ್ಟೆ ದಿನಾ ಒಂದು ಕೊಡಬಹುದು. ಮೊದಲು ಪಲ್ಯ ತಟ್ಟೇಲಿಡು, ಐದು ನಿಮಿಷ ಬಿಟ್ಟು ಅನ್ನ. ಅವಳೇ ಕೈಯಾರೆ ತಿನ್ನಲಿ, ಚೆಲ್ಲಿದರೆ ಚೆಲ್ಲಲಿ. ನೀನು ತುತ್ತು ಮಾಡಿ ಬಾಯಿಗಿಟ್ಟರೆ ಅವಳ ಹೊಟ್ಟೆ ಸಾಕು ಅನ್ನೋದು ಅವಳಿಗೇ ಕೇಳಿಸಲ್ಲ. ಫೋನ್ ತೋರಿಸಿ ತಿನ್ನಿಸಿದರಂತೂ ಮುಗೀತು. ಸುಮಾರು ಇಪ್ಪತ್ತು ನಿಮಿಷದ ಊಟ. ಮುಖ ತಿರುಗಿಸೋದು, ಅನ್ನ ಹರಡಿ ಆಡೋದು, ಎದ್ದು ಓಡೋದು ಅಂದರೆ ಸಾಕು ಅಂತಲೇ ಅರ್ಥ. ಆಮೇಲೆ ಒಂದೇ ಒಂದು ತುತ್ತೂ ಬೇಡ.

ಮೂರು ಊಟ, ಎರಡು ತಿಂಡಿ, ನಡುವೆ ಎರಡೂವರೆಯಿಂದ ಮೂರು ಗಂಟೆ. ಆ ನಡುವೆ ಬರೀ ನೀರು. ಕೇಳಿದರೆ ಇಲ್ಲ ಅನ್ನಬೇಡ, ಯಾವಾಗ ಅಂತ ಹೇಳು: "ಅಜ್ಜಿ ಜೊತೆ ಕೆಳಗೆ ಹೋಗಿ ಬಂದ ಮೇಲೆ ಸೀಬೆಹಣ್ಣು." ಹೇಳಿದ ಹೊತ್ತಿಗೆ ತಪ್ಪದೆ ಕೊಡು. ತಿಂಡಿಗೆ ಬೇಯಿಸಿದ ಗೆಣಸು, ಅರ್ಧ ಬಾಳೆಹಣ್ಣು, ಮಜ್ಜಿಗೆ. ದ್ರಾಕ್ಷಿ ಕೊಟ್ಟರೆ ಉದ್ದಕ್ಕೆ ನಾಲ್ಕು ಸೀಳಿ ಕೊಡು. ಇಡೀ ಕಡಲೆಕಾಯಿ ಬೀಜ ಈಗಲೇ ಬೇಡ, ಉಸಿರುಗಟ್ಟುತ್ತೆ. ಹಣ್ಣಿನ ರಸ ಮಾಡಲೇಬೇಡ, ಮೂರು ಕಿತ್ತಳೆ ತಿನ್ನಲಾರದ ಮಗು ಮೂರರ ರಸ ಒಂದೇ ಗುಟುಕಿಗೆ ಕುಡಿಯುತ್ತೆ. ಬಿಸ್ಕತ್ತಿನ ವಿಷಯಕ್ಕೆ ಅತ್ತೆಯವರ ಹತ್ತಿರ ಜಗಳ ಬೇಡ. ಡಬ್ಬ ಮನೆಗೆ ತರಿಸೋದೇ ನಿಲ್ಲಿಸು. ಸಂಜೆ ಕೆಳಗೆ ಆಡಿಸೋ ಕೆಲಸ ಅವರಿಗೇ ವಹಿಸು, ಅವರಿಗೂ ಮೊಮ್ಮಗಳಿಗೆ ಏನಾದರೂ ಮಾಡಬೇಕು ಅನ್ನೋ ಆಸೆ ಇರುತ್ತಲ್ಲ. ಈ ವಯಸ್ಸಿಗೆ ದಿನಕ್ಕೆ ಒಟ್ಟು ಮೂರು ಗಂಟೆ ಓಡಾಟ ಬೇಕು. ಅಪಾರ್ಟ್‌ಮೆಂಟ್ ಮೆಟ್ಟಿಲು ಹತ್ತಿಸಿದರೂ ಅದರಲ್ಲೇ ಸೇರಿತು. ನಿದ್ದೆ ಹಗಲಿಂದೂ ಸೇರಿ ಹನ್ನೊಂದು ಗಂಟೆಗೆ ಕಮ್ಮಿ ಆಗಬಾರದು. ನಿದ್ದೆಗೆಟ್ಟ ಮಗು ಅಳೋದನ್ನ ನಾವು ಹಸಿವು ಅಂದುಕೊಳ್ತೀವಿ.

ತೂಕ ಇಳಿಸೋದು ನಮ್ಮ ಕೆಲಸ ಅಲ್ಲ. ಈ ವಯಸ್ಸಲ್ಲಿ ತೂಕ ಇಳಿದರೆ ಅದೇ ಬೇರೆ ಚಿಂತೆ. ವರ್ಷಕ್ಕೆ ಎಂಟೊಂಬತ್ತು ಸೆಂಟಿಮೀಟರ್ ಬೆಳೀತಾಳೆ. ತೂಕ ನಿಧಾನವಾಗಿ ಏರಿದರೆ ಸಾಕು, ಎತ್ತರ ಬಂದು ಸೇರ್ಕೊಳ್ಳುತ್ತೆ. ತಿಂಗಳಿಗೊಮ್ಮೆ ತೂಗು, ವಾರವಾರ ಬೇಡ. ಒಂದು ಸಲ ಬಾತ್‌ರೂಮಿಗೆ ಹೋಗಿ ಬಂದರೆ ಕಾಲು ಕೆಜಿ ಆಚೆ ಈಚೆ ಆಗುತ್ತೆ, ಅದಕ್ಕೆಲ್ಲ ನೀನು ರಾತ್ರಿ ನಿದ್ದೆ ಕೆಡಿಸ್ಕೋತೀಯ.

ಡಾಕ್ಟರ ಹತ್ತಿರ ಯಾವಾಗ ಹೋಗಬೇಕು ಅಂತ ಕೇಳಿದ್ದೆ. ತೂಕ ಏರ್ತಾ ಎತ್ತರ ನಿಂತುಹೋದರೆ ತಡ ಮಾಡಬೇಡ, ಥೈರಾಯ್ಡ್‌ನಂಥದ್ದು ನೋಡಬೇಕಾಗುತ್ತೆ. ಬರೀ ಜಾಸ್ತಿ ತಿಂದು ತೂಕ ಏರಿದ ಮಗು ಸಾಮಾನ್ಯವಾಗಿ ಎತ್ತರವೂ ಇರುತ್ತೆ, ನಮ್ಮ ಪಾಪು ಹಾಗಿದ್ದಾಳೆ. ಗೊರಕೆ ಹೊಡೀತಾ ಮಧ್ಯೆ ಉಸಿರು ನಿಂತಂತಾದರೆ, ಕತ್ತಿನ ಮಡಿಕೆ ಕಪ್ಪಗೆ ದಪ್ಪ ಮಖಮಲ್ಲಿನ ಹಾಗಾದರೆ ತೋರಿಸು. ತುಂಬಾ ತಿಂದೂ ತೂಕ ಇಳಿದು, ಬಾಯಾರಿಕೆ, ಉಚ್ಚೆ ಜಾಸ್ತಿಯಾದರೆ ಅದೇ ದಿನ ಹೋಗು, ಸಕ್ಕರೆ ಕಾಯಿಲೆ ಇದ್ದೀತು. ಜಂತುಹುಳದ ಮಾತ್ರೆ ಆಗಸ್ಟಿನಲ್ಲಿ ಕೊಡ್ತಾರೆ, ಎರಡು ತುಂಬಿರೋದರಿಂದ ಈ ಸಲ ಪೂರ್ತಿ ಮಾತ್ರೆ, ಪುಡಿ ಮಾಡಿ ನೀರಲ್ಲಿ ಕೊಡು.

ಉಪದೇಶ ಜಾಸ್ತಿಯಾಯ್ತು, ಗೊತ್ತು. ಇನ್ನೊಂದೇ ಹೇಳಿಬಿಡ್ತೀನಿ. ಅವಳ ಎದುರಿಗೆ ದಪ್ಪ, ಗುಂಡಮ್ಮ, ಹೊಟ್ಟೆಬಾಕಿ ಅನ್ನೋ ಪದ ಯಾರ ಬಾಯಲ್ಲೂ ಬರಬಾರದು. ಮುದ್ದಿಗೂ ಬೇಡ. ಮೊದಲು ನನ್ನ ಬಾಯಿಗೇ ಬೀಗ ಹಾಕ್ಕೊಂಡಿದ್ದೀನಿ. ಎರಡು ವರ್ಷಕ್ಕೆ ಮಾತು ಪೂರ್ತಿ ಬರದೇ ಇರಬಹುದು, ಕಿವಿ ಪೂರ್ತಿ ಇದೆ. ಕೈ ಬೆನ್ನ ಹಿಂದೆ ಇಟ್ಟುಕೊಳ್ಳೋದನ್ನ ಅವಳಿಗೆ ಯಾರೂ ಕಲಿಸಿರಲಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಅದೇ ಕಣ್ಣಿಗೆ ಬರುತ್ತೆ. ಆ ಚೂರನ್ನ ಆಮೇಲೆ ತಿಂದಳು, ನನಗೆ ಬೆನ್ನು ಮಾಡಿ ಕೂತು.

ಬುಧವಾರ ನಿನ್ನ ತಮ್ಮ ಬೆಂಗಳೂರಿಗೆ ಬರ್ತಾನೆ. ಎರಡು ಸಣ್ಣ ಸ್ಟೀಲ್ ಲೋಟ ಕಳಿಸ್ತಿದ್ದೀನಿ. ಔಷಧಿ ಮುಚ್ಚಳದಲ್ಲಿ ಅಳೆದು 100 ಎಂ.ಎಲ್.ಗೆ ಸರಿಯಾಗಿ ಒಳಗಡೆ ಮೊಳೆಯಲ್ಲಿ ಗೆರೆ ಗೀಚಿದ್ದೀನಿ. ಅಲ್ಲಿಗೆ ಹಾಲು ಹಾಕು. ಬೆಳಗ್ಗೆ ಎರಡು ಲೋಟ, ಸಂಜೆ ಎರಡು.

ನಿನ್ನ ಅಮ್ಮ