ಸಿಹಿನೀರು ಮುಗಿದುಹೋಗುವುದೇ ಎಂದು ಕೇಳಿದ ಮಗಳಿಗೆ

ಚಿ. ಸೌ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದದ ಉಳಿದ ವಿಷಯಗಳೆಲ್ಲ ಮನೆಯವರಿಗೆ ಗೊತ್ತಿರುವಂಥವೇ, ಅವನ್ನು ಮತ್ತೆ ಎತ್ತುವುದಿಲ್ಲ. ಆದರೆ ಕೊನೆಯಲ್ಲಿ ನೀನು ಬರೆದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ: ‘ಭೂಮಿಯ ಸಿಹಿನೀರು ನಮ್ಮ ಕಾಲಕ್ಕೇ ಮುಗಿದುಹೋಗುವುದಾದರೆ ಹುಟ್ಟಲಿರುವ ಮಗುವಿಗೆ ನಾವು ಉಳಿಸುವುದಾದರೂ ಏನು?’ ಬಸುರಿ ಹೆಣ್ಣುಮಗಳು ಈ ಪ್ರಶ್ನೆಯನ್ನು ಎದೆಯಲ್ಲಿಟ್ಟುಕೊಂಡು ನಿದ್ದೆಗೆಡುತ್ತಿದ್ದಾಳೆ ಎಂಬುದೇ ನನಗೆ ಸಂಕಟ.

ನೀನು ಓದಿದ ಲೆಕ್ಕ ಸುಳ್ಳಲ್ಲ. ಭೂಮಿಯಲ್ಲಿರುವ ಸುಮಾರು 138 ಕೋಟಿ ಘನ ಕಿಲೋಮೀಟರ್ ನೀರಿನಲ್ಲಿ ಸಿಹಿಯಾದದ್ದು ನೂರಕ್ಕೆ ಎರಡೂವರೆ ಪಾಲು. ಅದರಲ್ಲೂ ಮೂರನೇ ಎರಡು ಪಾಲಿಗಿಂತ ಹೆಚ್ಚು ಹಿಮವಾಗಿ ನಿಂತಿದೆ, ಉಳಿದದ್ದರಲ್ಲಿ ಬಹುಪಾಲು ನೆಲದಡಿಯಲ್ಲಿದೆ. ಜಗತ್ತಿನ ನದಿಗಳಲ್ಲೆಲ್ಲ ಸೇರಿ ಒಂದು ಗಳಿಗೆಯಲ್ಲಿ ಇರುವುದು ಹೆಚ್ಚುಕಡಿಮೆ 2,000 ಘನ ಕಿಲೋಮೀಟರ್ ಅಷ್ಟೆ. ಇಷ್ಟನ್ನೇ ಓದಿ ನಿಲ್ಲಿಸಿದರೆ ಯಾರ ಎದೆಯಾದರೂ ಧಸಕ್ಕೆನ್ನುತ್ತದೆ. ಆದರೆ ಅವೇ ನದಿಗಳು ವರ್ಷಕ್ಕೆ ಸುಮಾರು 40,000 ಘನ ಕಿಲೋಮೀಟರ್ ನೀರನ್ನು ಸಮುದ್ರಕ್ಕೆ ಒಯ್ಯುತ್ತವೆ. ಒಂದು ವರ್ಷದೊಳಗೆ ಅವುಗಳ ನೀರು ಇಪ್ಪತ್ತು ಸಲ ಹೋಗಿ ಇಪ್ಪತ್ತು ಸಲ ಹೊಸದಾಗಿ ಬರುತ್ತದೆ ಎಂದಾಯಿತು. ಸಮುದ್ರದಿಂದ ಆವಿಯೇಳುವಾಗ ಉಪ್ಪು ಅಲ್ಲೇ ಉಳಿಯುತ್ತದೆ. ಆವಿ ಗಾಳಿಯಲ್ಲಿ ಸರಾಸರಿ ಒಂಬತ್ತು ಹತ್ತು ದಿನವಿದ್ದು ಮಳೆಯಾಗಿಯೋ ಹಿಮವಾಗಿಯೋ ಇಳಿಯುತ್ತದೆ. ಇರುವ ನೀರಿನ ಲೆಕ್ಕವನ್ನು ನಿನಗೆ ಹೇಳಿದವರು ಬರುವ ನೀರಿನ ಲೆಕ್ಕವನ್ನು ಹೇಳಲಿಲ್ಲ.

ಹಿಂದಿನವರಿಗೂ ಇದು ಬೇಗ ಹೊಳೆದದ್ದಲ್ಲ. ಮಳೆಯೊಂದರಿಂದ ನದಿಗಳು ತುಂಬುವುದುಂಟೇ, ಸಮುದ್ರದ ನೀರೇ ಭೂಮಿಯೊಳಗಿನ ದಾರಿಗಳಲ್ಲಿ ಏರಿ ಊಟೆಗಳಾಗುತ್ತದೆ ಎಂದು ವಿದ್ವಾಂಸರೇ ನಂಬಿದ್ದರು. ಫ್ರಾನ್ಸಿನ ಪಿಯರ್ ಪೆರೋ ಸೇನ್ ನದಿಯ ಮೇಲ್ಭಾಗದಲ್ಲಿ ಬಿದ್ದ ಮಳೆಯನ್ನೂ ಹರಿದ ನೀರನ್ನೂ ಲೆಕ್ಕಹಾಕಿ, ಮಳೆ ಹರಿವಿನ ಆರರಷ್ಟಿದೆ ಎಂದು 1674ರಲ್ಲಿ ಪ್ರಕಟಿಸಿದ. ಅವನ ಲೆಕ್ಕವನ್ನು ನೆನೆದಾಗಲೆಲ್ಲ ನನಗೆ ಧೈರ್ಯ ಬರುತ್ತದೆ.

ನಾನು ಬಾವಿಗಳ ನೀರಿನ ಮಟ್ಟ ಅಳೆಯುತ್ತಿದ್ದ ಕಾಲದಲ್ಲಿ ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಬಳಿದು ಇಳಿಬಿಡುತ್ತಿದ್ದೆವು. ಮೇಲೆತ್ತಿದಾಗ ನೀರು ಮುಟ್ಟಿದಷ್ಟು ಸುಣ್ಣ ಕಪ್ಪಾಗಿರುತ್ತಿತ್ತು, ಬಿಸಿಲಿಗೆ ಆ ಗೆರೆ ಒಣಗುವ ಮೊದಲೇ ಓದಿ ಬರೆದುಕೊಳ್ಳಬೇಕಿತ್ತು. ಭಾರಿ ಮಳೆ ಬಂದ ಮರುದಿನವೂ ಕೆಲವು ಬಾವಿಗಳಲ್ಲಿ ಗೆರೆ ಅಲುಗುತ್ತಿರಲಿಲ್ಲ. ವಾರಗಳು ಕಳೆದು, ಮಳೆಯನ್ನೇ ಮರೆತ ಮೇಲೆ, ಅದು ಬೆರಳಿನಷ್ಟು ಏರುತ್ತಿತ್ತು. ಆ ನೀರು ಯಾವ ಇಳಿಜಾರಿನಲ್ಲಿ ಇಂಗಿ ಬಂದಿತೆಂದು ನಡೆದು ನೋಡುವ ಆಸೆ ಇತ್ತು. ಅಂಕಿ ಬರೆದು ಮುಂದಿನ ಬಾವಿಗೆ ಹೊರಡುವುದರಲ್ಲೇ ಪ್ರಾಯ ಕಳೆಯಿತು, ಈಗ ಕಾಲು ಕೇಳುವುದಿಲ್ಲ. ಆ ಕೊರಗು ಇನ್ನೂ ಇದೆ.

ನೋಡು, ಮತ್ತೆ ನಿನ್ನ ಭಯಕ್ಕೇ ಬಂದೆ. ನೀನು ಹೆದರಿದ್ದರಲ್ಲಿ ನಿಜವೂ ಇದೆ. ನಿಧಾನದ ನೀರು ಬೇರೆಯೇ. ಈಜಿಪ್ಟ್, ಲಿಬಿಯಾ, ಸುಡಾನ್, ಚಾಡ್ ದೇಶಗಳ ಅಡಿಯಲ್ಲಿರುವ ನೂಬಿಯನ್ ಮರಳುಗಲ್ಲಿನ ಜಲಪದರದಲ್ಲಿರುವುದು ಸಹಾರಾ ಹಸಿರಾಗಿದ್ದ ಕಾಲದಲ್ಲೂ ಅದಕ್ಕೆ ಮೊದಲೂ ಇಂಗಿದ ನೀರು. ಅಲ್ಲಿಂದ ಎತ್ತಿದ್ದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮರಳಿ ತುಂಬುವುದಿಲ್ಲ. 2002ರಲ್ಲಿ ಹಾರಿಸಿದ ಗ್ರೇಸ್ ಉಪಗ್ರಹಗಳು ಗುರುತ್ವದ ಸಣ್ಣ ವ್ಯತ್ಯಾಸದಿಂದಲೇ ಹಲವು ಕಡೆ ಅಂತರ್ಜಲ ಇಳಿಯುತ್ತಿರುವುದನ್ನು ತೋರಿಸಿಕೊಟ್ಟವು. ಪರ್ವತಗಳ ಹಿಮನದಿ ಕರಗುವಾಗ ಮೊದಮೊದಲು ಹೊಳೆ ತುಂಬಿ ಹರಿಯುತ್ತದೆ, ಹಿಮ ಕುಗ್ಗಿದ ಮೇಲೆ ಬೇಸಿಗೆಯ ಹರಿವೇ ಕ್ಷೀಣಿಸುತ್ತದೆ. ಆದ್ದರಿಂದ ನೀರು ಎಲ್ಲ ಕಡೆ ಒಮ್ಮೆಗೇ ಮುಗಿಯುತ್ತದೆಂದು ಹೆದರಬೇಡ. ಬೇಗ ತುಂಬುವ ಹೊಳೆಯನ್ನೂ ನಿಧಾನಕ್ಕೆ ತುಂಬುವ ಪದರವನ್ನೂ ಜನ ಒಂದೇ ಎಂದೆಣಿಸಿ ಬಳಸುತ್ತಾರಲ್ಲ, ನನ್ನ ಚಿಂತೆ ಅದು.

ಏನು ಮಾಡಬೇಕೆಂದು ಹೇಳಲು ನನಗೆ ಸಂಕೋಚ, ಒಬ್ಬಳ ಕೈಯಲ್ಲಿ ಆಗುವಂಥದ್ದು ಕಡಿಮೆ. ನೀನು ಕುಡಿಯುವ ನೀರು ನದಿಯದೋ, ಕೆರೆಯದೋ, ನೆಲದಡಿಯದೋ ಎಂಬುದನ್ನಾದರೂ ತಿಳಿದುಕೋ. ತೇವದ ತಗ್ಗುಭೂಮಿಯನ್ನು ಮುಚ್ಚುವ ಮಾತು ಬಂದರೆ ಸುಮ್ಮನಿರಬೇಡ, ಅಂಥ ನೆಲ ಹಲವೆಡೆ ಪ್ರವಾಹದ ನೀರನ್ನು ಹಿಡಿದಿಟ್ಟು ಕೆಳಗಿನ ಪದರಕ್ಕೆ ಇಂಗಿಸುತ್ತದೆ. ಇಂಥ ಸುದ್ದಿಗಳನ್ನು ಮಲಗುವ ಹೊತ್ತಿನಲ್ಲಿ ಓದಬೇಡ ಎಂದೂ ಹೇಳಬೇಕೆನಿಸುತ್ತದೆ, ಅಧಿಕಪ್ರಸಂಗ ಎನಿಸಿದರೆ ಕ್ಷಮಿಸು.

ಬಾವಿಯ ಅಳತೆ ಎಲ್ಲಿಯಾದರೂ ಸಿಕ್ಕಿದರೆ ಮಳೆ ಮುಗಿದ ಕೂಡಲೇ ಬರೆದ ಅಂಕಿಯೊಂದನ್ನೇ ನೋಡಿ ಸಮಾಧಾನವನ್ನೂ ಪಡಬೇಡ, ಗಾಬರಿಯನ್ನೂ ಪಡಬೇಡ. ಮಳೆಗೆ ಮುಂಚಿನ ಅಂಕಿಗಳನ್ನು ಹತ್ತಾರು ವರ್ಷದ್ದು ಪಕ್ಕಪಕ್ಕಕ್ಕೆ ಬರೆದುಕೊಂಡು ನನಗೆ ಕಳುಹಿಸು, ಇಬ್ಬರೂ ಕೂಡಿ ಓದೋಣ.

ಇಂತು,
ನಿನ್ನ ದೊಡ್ಡಪ್ಪ