ಮಂಗಳವಾರದ ಫಸ್ಟ್ ಶೋ ಒಂದನ್ನು ಬಿಟ್ಟುಕೊಡಿ

ಸಂಪಾದಕರಿಗೆ ನಮಸ್ಕಾರ.

ದಸರಾ ಚಲನಚಿತ್ರೋತ್ಸವ ಬಂತೆಂದರೆ ಮೈಸೂರಿನಲ್ಲಿ ಎಲ್ಲರೂ ಸಿನಿಮಾ ಪಂಡಿತರು. ಮಾಲ್‌ನ ಎಸ್ಕಲೇಟರ್ ಪಕ್ಕ ನಿಂತು ಇರಾನಿನ ಸಿನಿಮಾ ಬಗ್ಗೆ ಜಗಳ ಆಡುತ್ತಾರೆ. ಜಂಬೂಸವಾರಿ ಮುಗಿದ ಮೇಲೆ ಅಂಬಾರಿ ಒಳಗೆ ಹೋದ ಹಾಗೆ ಆ ಸಿನಿಮಾಗಳೂ ಒಳಗೆ ಹೋಗಿಬಿಡುತ್ತವೆ. ಮತ್ತೆ ಮುಂದಿನ ವರ್ಷವೇ.

ಉತ್ಸವ ಬೇಡ ಅನ್ನುವವನು ನಾನಲ್ಲ. 2017ರಲ್ಲಿ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ ಮೈಸೂರಿನಲ್ಲೂ ನಡೆದಾಗ ಕೊರಳಿಗೆ ಪಾಸ್ ಹಾಕಿಕೊಂಡು ಓಡಾಡಿದ್ದೇನೆ. ರಂಗಾಯಣದ ಬಹುರೂಪಿ ನಾಟಕೋತ್ಸವದ ಜೊತೆ ತೋರಿಸುವ ಸಿನಿಮಾಗಳಿಗೂ ಹೋಗುತ್ತೇನೆ. ನಾಟಕದ ಟಿಕೆಟ್ ಸಿಗದೆ ಸುಮ್ನೆ ಬಂದು ಕೂತವರು ಅಲ್ಲಿ ಕೊನೆತನಕ ಏಳದೆ ನೋಡಿದ್ದನ್ನು ಕಂಡಿದ್ದೇನೆ. ನನ್ನ ತಕರಾರು ಉಳಿದ ವಾರಗಳದ್ದು.

ಮಂಡ್ಯ, ಮೈಸೂರು ಎರಡೂ ಕಡೆ ಟಾಕೀಸುಗಳಲ್ಲಿ ಆಪರೇಟರ್ ಆಗಿದ್ದವನು ನಾನು. ಕಾರ್ಬನ್ ಕಡ್ಡಿ ಉರಿಸಿ ಪರದೆಗೆ ಬೆಳಕು ಬಿಡುತ್ತಿದ್ದ ಕಾಲದಲ್ಲಿ ಕೆಲಸ ಕಲಿತೆ. ಸ್ಯಾಟಲೈಟ್‌ನಿಂದ ಸಿನಿಮಾ ಇಳಿಯುವ ಕಾಲದಲ್ಲಿ ಬಿಟ್ಟೆ. ಆಗ ಒಂದು ರೀಲು ಅಂದರೆ ಸುಮಾರು 20 ನಿಮಿಷ. ಪರದೆಯ ಮೂಲೆಯಲ್ಲಿ ಚುಕ್ಕಿ ಕಂಡ ತಕ್ಷಣ ಪಕ್ಕದ ಮೆಷಿನ್‌ಗೆ ಬದಲಾಯಿಸಬೇಕು. ಉಳಿದ ಹೊತ್ತು ಕಿಂಡಿಯಿಂದ ನೋಡುವುದು ಜನರನ್ನೇ. ಹಾಗೆ ನೋಡಿದವನಾಗಿ ಧೈರ್ಯವಾಗಿ ಹೇಳುತ್ತೇನೆ: ಸಣ್ಣ ಸಿನಿಮಾಕ್ಕೂ ಜನ ಬರುತ್ತಾರೆ. ಆದರೆ ನಿಧಾನಕ್ಕೆ ಬರುತ್ತಾರೆ.

ಆ ನಿಧಾನಕ್ಕೇ ಈಗ ಜಾಗ ಇಲ್ಲ. ಈಚೆಗೆ ಶುಕ್ರವಾರ ಬಿಡುಗಡೆಯಾದ ಒಂದು ಕನ್ನಡ ಸಿನಿಮಾ ನೋಡೋಣ ಅಂತ ಸೋಮವಾರ ಹೋದೆ. ಕೌಂಟರಿನ ಹುಡುಗ, 'ಎತ್ತಂಗಡಿ ಆಯ್ತು ಸಾರ್' ಅಂದ. ಇದ್ದಷ್ಟು ದಿನವೂ ಬೆಳಿಗ್ಗೆ ಹತ್ತೂವರೆ ಆಟ ಮಾತ್ರವಂತೆ. ಆ ಹೊತ್ತಿಗೆ ಬರುವವರು ಯಾರು? ಕೆಲಸಕ್ಕೆ ಹೋಗುವವರು ಬರಲ್ಲ. ಕಾಲೇಜಿನವರು ಬಂದರೂ ಇಷ್ಟದ ಹೀರೋ ಸಿನಿಮಾಕ್ಕೆ ಬರುತ್ತಾರೆ. ಭಾನುವಾರ ನೋಡಿದವರು ಆಫೀಸಿನಲ್ಲಿ ಇನ್ನಿಬ್ಬರಿಗೆ ಹೇಳಿ, ಅವರು ಮನೆಯವರನ್ನು ಒಪ್ಪಿಸುವಷ್ಟರಲ್ಲಿ ಪೋಸ್ಟರ್ ಮೇಲೆ ಬೇರೆ ಪೋಸ್ಟರ್ ಬಂದಿರುತ್ತದೆ.

ಇದಕ್ಕೆ ಕಾರಣ ಪ್ರೇಕ್ಷಕನ ರುಚಿ ಕೆಟ್ಟಿರುವುದು ಅಂತ ದೊಡ್ಡವರು ವೇದಿಕೆಯಲ್ಲಿ ಹೇಳುತ್ತಾರೆ. ನಾನು ಒಪ್ಪಲ್ಲ. ಲೆಕ್ಕದ ಪುಸ್ತಕ ನೋಡಿ. ನಮ್ಮಲ್ಲಿ ಒಂಟಿ ಪರದೆಯ ಚಿತ್ರಮಂದಿರಗಳು ಬಹಳ ಕಾಲದಿಂದ ವಾರದ ಬಾಡಿಗೆ ಲೆಕ್ಕದಲ್ಲಿ ನಡೆದಿವೆ. ಜನ ಬರಲಿ ಬಿಡಲಿ, ನಿರ್ಮಾಪಕ ಬಾಡಿಗೆ ಕಟ್ಟಬೇಕು. ಡಿಜಿಟಲ್ ಬಂದ ಮೇಲೆ ಪ್ರಿಂಟಿನ ಖರ್ಚು ಹೋಯಿತು, ಅದರ ಜಾಗಕ್ಕೆ ಸಿನಿಮಾ ಇಳಿಸುವ ಕಂಪನಿಯ ಶುಲ್ಕ ಬಂತು. ಸಾಲ ಮಾಡಿ ಸಿನಿಮಾ ತೆಗೆದ ಹುಡುಗ ಎರಡನೇ ವಾರದ ಬಾಡಿಗೆ ಎಲ್ಲಿಂದ ತರುತ್ತಾನೆ? ಮಲ್ಟಿಪ್ಲೆಕ್ಸಿನಲ್ಲಿ ಬಾಡಿಗೆ ಇಲ್ಲ, ಕಲೆಕ್ಷನ್‌ನಲ್ಲಿ ಪಾಲು ಹಂಚಿಕೊಳ್ಳುವ ಪರ್ಸೆಂಟೇಜ್ ಲೆಕ್ಕ, ನಿಜ. ಆದರೆ ಅಲ್ಲಿ ಯಾವ ಹೊತ್ತಿನ ಆಟ ಕೊಡುತ್ತಾರೆ ಅನ್ನುವುದು ಅವನ ಕೈಯಲ್ಲಿಲ್ಲ. ಟಾಕೀಸು ಮಾಲೀಕರನ್ನೂ ಬೈಯುವ ಹಾಗಿಲ್ಲ ಬಿಡಿ. ಕರೆಂಟ್ ಬಿಲ್ಲು ಯಾರಿಗೂ ಕಾಯಲ್ಲ. ಕೊರೊನಾ ಬಂದ ಮೇಲೆ ಮೈಸೂರಿನಲ್ಲಿ ಶಾಂತಲಾ ಟಾಕೀಸು ಹೋಯಿತು, ಲಕ್ಷ್ಮಿ ಟಾಕೀಸು ಹೋಯಿತು.

ನಮ್ಮ ಕಡೆಯವರಿಗೆ ಇಂಥ ಸಿನಿಮಾ ಬೇಡ ಅನ್ನುವವರಿಗೆ 'ತಿಥಿ' ನೆನಪಿಸಬೇಕು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಹಳ್ಳಿಯ ಜನರನ್ನೇ ಹಾಕಿಕೊಂಡು ತೆಗೆದದ್ದು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಎರಡು ಪ್ರಶಸ್ತಿ ಪಡೆಯಿತು. ಮರುವರ್ಷ ಮೇ ತಿಂಗಳಲ್ಲಿ ಇಲ್ಲಿ ಬಿಡುಗಡೆಯಾಗಿ ಚೆನ್ನಾಗಿಯೇ ಓಡಿತು. ಪ್ರಶಸ್ತಿ ಬಂದ ಸಿನಿಮಾ ಅಂತ ಯಾರೂ ಹೆದರಲಿಲ್ಲ. ಗಡ್ಡಪ್ಪನ ಮಾತಿಗೆ ಗೊಳ್ಳೆಂದು ನಕ್ಕರು. ಇನ್ನೂ ಹತ್ತಿರದ್ದು ಹೇಳಬೇಕೆಂದರೆ, ಮೈಸೂರಿನಲ್ಲಿ ಡಾಕ್ಟರಿಕೆ ಓದಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ ಹೋದ ಚಿದಾನಂದ ಎಸ್. ನಾಯ್ಕ್ ಅವರ ಕಿರುಚಿತ್ರ. 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಅದಕ್ಕೇ ಬಂತು. ಮುದುಕಿ ಊರಿನ ಹುಂಜ ಕದ್ದು, ಊರಿಗೆ ಬೆಳಗೇ ಆಗದ ಕಥೆ. ನಮ್ಮ ಅಜ್ಜಿಯರು ಹೇಳುತ್ತಿದ್ದ ಕಥೆಯೇ ಅಲ್ವಾ? ಆದರೆ 16 ನಿಮಿಷದ ಸಿನಿಮಾಕ್ಕೆ ಯಾವ ಟಾಕೀಸಿನಲ್ಲಿ ಟಿಕೆಟ್ ಹರಿಯುತ್ತಾರೆ?

ಅದಕ್ಕೇ ನನ್ನ ಕೋರಿಕೆ ಇಷ್ಟು. ಮೈಸೂರಿನ ಒಂದು ಪರದೆಯಲ್ಲಿ, ವರ್ಷಪೂರ್ತಿ, ಪ್ರತಿ ಮಂಗಳವಾರದ ಫಸ್ಟ್ ಶೋ, ಅಂದರೆ ಸಂಜೆಯ ಆಟ, ಇಂಥ ಸಿನಿಮಾಗಳಿಗೆ ಮೀಸಲಿಡಿ. ಮಂಗಳವಾರ ಯಾಕೆ ಅಂದರೆ, ಶುಕ್ರವಾರ ಬಂದ ಸಿನಿಮಾದ ಬಿಸಿ ಅಷ್ಟು ಹೊತ್ತಿಗೆ ಆರಿರುತ್ತದೆ, ಮಾಲೀಕರಿಗೆ ನಷ್ಟ ಕಡಿಮೆ. ಫಸ್ಟ್ ಶೋ ಯಾಕೆ ಅಂದರೆ, ಆಫೀಸು ಮುಗಿಸಿ ಬಂದು, ನೋಡಿ, ಸಿಟಿ ಬಸ್ಸಿನಲ್ಲೇ ಮನೆಗೆ ಹೋಗಬಹುದು. ಬಾಡಿಗೆ ಬೇಡ, ಪರ್ಸೆಂಟೇಜ್ ಇರಲಿ. ಕಲೆಕ್ಷನ್ ತೀರಾ ಕಡಿಮೆಯಾದ ದಿನ ಮಾಲೀಕರಿಗೆ ಆಗುವ ನಷ್ಟವನ್ನು ವಾರ್ತಾ ಇಲಾಖೆಯೋ ಚಲನಚಿತ್ರ ಅಕಾಡೆಮಿಯೋ ತುಂಬಿಕೊಡಲಿ. ಯಾವ ಮಾಲೀಕರೂ ಒಪ್ಪದಿದ್ದರೆ ಕಲಾಮಂದಿರ ಇದ್ದೇ ಇದೆ. ಒಳ್ಳೆಯ ಪ್ರೊಜೆಕ್ಟರ್, ಒಳ್ಳೆಯ ಸೌಂಡ್ ತಂದು ಹಾಕಲಿ. ನಾಟಕದ ಸ್ಪೀಕರಿನಲ್ಲಿ ಸಿನಿಮಾ ಕೇಳಿಸಬೇಡಿ, ದಯವಿಟ್ಟು.

ಸರ್ಕಾರಕ್ಕೆ ಹಣವಿಲ್ಲ ಅನ್ನಬೇಡಿ. ವರ್ಷಕ್ಕೆ ನೂರಕ್ಕೂ ಹೆಚ್ಚು ಕನ್ನಡ ಸಿನಿಮಾಗಳಿಗೆ ಸಬ್ಸಿಡಿ ಹೋಗುತ್ತದೆ. ಅವುಗಳಲ್ಲಿ ಎಷ್ಟನ್ನು ನಾವು ನೀವು ನೋಡಿದ್ದೇವೆ? ಸಬ್ಸಿಡಿ ಪಡೆದ ಸಿನಿಮಾ ಒಂದು ಮಂಗಳವಾರವಾದರೂ ಜನರ ಮುಂದೆ ಬರಲೇಬೇಕು ಅಂತ ನಿಯಮ ಮಾಡಿದರೆ ಕೆಲವು ಕಾಗದದ ಸಿನಿಮಾಗಳ ಬಣ್ಣವೂ ಬಯಲಾಗುತ್ತದೆ. 2025ರ ಬಜೆಟ್ಟಿನಲ್ಲಿ ಮೈಸೂರಿನ ಚಿತ್ರನಗರಿಗೆ 150 ಎಕರೆ, 500 ಕೋಟಿ ರೂಪಾಯಿ ಮಾತು ಬಂತು. ಆಗಲಿ, ಸಂತೋಷ. ಅದಾಗುವವರೆಗೆ ವಾರಕ್ಕೆ ಒಂದು ಆಟ ಕೇಳುವುದು ದುಬಾರಿ ಅಲ್ಲ. ಟಿಕೆಟ್ ಬೆಲೆಗೆ ಅದೇ ವರ್ಷ 200 ರೂಪಾಯಿ ಮಿತಿ ಹಾಕಿದ್ದರು, ಹೈಕೋರ್ಟಿನಲ್ಲಿ ತಡೆ ಬಿತ್ತು. ಈ ಆಟಕ್ಕಾದರೂ ನೂರು ರೂಪಾಯಿ ದಾಟದಿರಲಿ.

ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಂನವರು ಎಪ್ಪತ್ತರ ದಶಕದಲ್ಲೇ ರೈತರನ್ನು ಕೂರಿಸಿ ಪರದೇಶದ ಸಿನಿಮಾ ತೋರಿಸಿದರು. ಮೈಸೂರಿನಿಂದ ಆಗಲ್ಲ ಅಂದರೆ ನಂಬುವುದು ಕಷ್ಟ. ಇಲ್ಲಿ ನಡೆದರೆ ಮಂಡ್ಯಕ್ಕೂ ಬೇಕು. ಅಲ್ಲಿಂದ ಉತ್ಸವಕ್ಕೆ ಬರುವ ಹುಡುಗರು ರೈಲಿನ ಹೊತ್ತಾಯಿತು ಅಂತ ಕ್ಲೈಮ್ಯಾಕ್ಸ್ ಬಿಟ್ಟು ಓಡುವುದನ್ನು ನೋಡಿದ್ದೇನೆ.

ಈ ಸಲದ ದಸರಾ ಚಲನಚಿತ್ರ ಉಪಸಮಿತಿ ಸಭೆ ಸೇರಿದಾಗ ಈ ವಿಷಯವನ್ನೂ ತೆಗೆದುಕೊಳ್ಳಲಿ. ಈಗಿನ ಮೆಷಿನ್‌ಗೆ ನನ್ನಂಥ ಆಪರೇಟರ್ ಬೇಕಾಗಲ್ಲ, ಗೊತ್ತು. ಮಂಗಳವಾರ ಗೇಟಿನಲ್ಲಿ ನಿಂತು ಟಿಕೆಟ್ ಹರಿಯಲು ಸಂಬಳ ಕೇಳದೆ ಬರುತ್ತೇನೆ.

ಇಂತಿ,
ಒಬ್ಬ ನಿವೃತ್ತ ಆಪರೇಟರ್,
ಅಶೋಕಪುರಂ, ಮೈಸೂರು